ನಮ್ಮೂರ ಗಾಯರಾಣದಲ್ಲಿ ಸೆಳೆವಗಳು ರಾತ್ರಿ ತಂಗುತ್ತವೆ: ಉಳಿಸಿಕೊಳ್ಳುವ ದಾರಿ ಯಾವುದು?

ಎರೆಹೊಲ, ಕುಕನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ತಾಲ್ಲೂಕು ಗೊತ್ತಾದರೆ ಸಾಕು.

ಊರಿನ ಬಡಗಣ ದಿಕ್ಕಿಗೆ ಗುಡ್ಡಕ್ಕೆ ಅಂಟಿಕೊಂಡು ದೊಡ್ಡ ಗಾಯರಾಣವಿದೆ, ಅಂದರೆ ಊರಿನ ದನಕುರಿ ಮೇಯುವ ಗೋಮಾಳ. ಹುಲ್ಲು, ಅಲ್ಲಲ್ಲಿ ಕಾರೆಕಂಟಿ, ನಡುವೆ ಒಂದು ಹಳ್ಳ. ದೀಪಾವಳಿ ಕಳೆಯುತ್ತಿದ್ದಂತೆ ಇಲ್ಲಿಗೆ ಸೆಳೆವಗಳು ಬರುತ್ತವೆ. ಹ್ಯಾರಿಯರ್ ಎನ್ನುತ್ತಾರಲ್ಲ, ಗಿಡುಗದಂಥ ಆ ಬೇಟೆ ಹಕ್ಕಿಗಳು. ಹಗಲೆಲ್ಲ ಕಡಲೆ, ಜೋಳದ ಹೊಲಗಳ ಮೇಲೆ ಮಿಡತೆ ಹಿಡಿಯುತ್ತ ಅಲೆದು, ಹೊತ್ತು ಮುಳುಗುವಾಗ ಒಂದೊಂದೇ ಬಂದು ಹುಲ್ಲಿನೊಳಗೆ ಇಳಿಯುತ್ತವೆ. ಮರ ಹತ್ತುವುದಿಲ್ಲ, ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ಊಟದ ತಟ್ಟೆಯಷ್ಟು ಅಗಲಕ್ಕೆ ಹುಲ್ಲು ಮಲಗಿರುತ್ತದೆ. ಪಕ್ಕದಲ್ಲಿ ಬಿಳಿ ಹಿಕ್ಕೆ, ಮಿಡತೆಯ ಕಾಲು ಮತ್ತು ಇಲಿಯ ಕೂದಲು ಸೇರಿ ಗಟ್ಟಿಯಾದ ಹೆಬ್ಬೆರಳು ಗಾತ್ರದ ಉಂಡೆಗಳು. ಜೀರ್ಣವಾಗದ್ದನ್ನು ಹಕ್ಕಿ ಹೀಗೆ ಕಕ್ಕುತ್ತದೆ.

ಈಗ ಸಮಸ್ಯೆ. ಕಳೆದ ತಿಂಗಳು ಜೀಪಿನಲ್ಲಿ ಬಂದ ನಾಲ್ಕು ಜನ ಗಾಯರಾಣದ ಉದ್ದಕ್ಕೂ ಕಲ್ಲು ನೆಟ್ಟು ಬಣ್ಣ ಹಚ್ಚಿ ಹೋಗಿದ್ದಾರೆ. ಗಾಳಿಯಂತ್ರಕ್ಕೋ, ಸೌರ ಫಲಕಕ್ಕೋ ಯಾರಿಗೂ ಗೊತ್ತಿಲ್ಲ. ಪಂಚಾಯಿತಿಯಲ್ಲಿ ಕೇಳಿದರೆ ‘ನಮಗೆ ಕಾಗದ ಬಂದಿಲ್ಲ’ ಎನ್ನುತ್ತಾರೆ. ಗ್ರಾಮಸಭೆಯಲ್ಲಿ ನನ್ನ ಗೆಳೆಯನೊಬ್ಬ ಎದ್ದು ನಿಂತು ‘ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿಸೋಣ’ ಎಂದುಬಿಟ್ಟ. ಹಿರಿಯರು ಸಿಡಿದೆದ್ದರು. ‘ಉದ್ಯಾನವಾದರೆ ನಮ್ಮ ಕುರಿಗಳನ್ನು ನಿಮ್ಮಪ್ಪನ ಅಂಗಳದಲ್ಲಿ ಮೇಯಿಸಬೇಕೇ?’ ಎಂದು ಕೇಳಿದರು. ಸಭೆ ಅಲ್ಲಿಗೇ ಮುಗಿಯಿತು.

ಕುರಿಗಳೂ ಇರಬೇಕು, ಹಕ್ಕಿಗಳೂ ಇರಬೇಕು. ಕಾನೂನಿನಲ್ಲಿ ಅಂಥ ದಾರಿ ಇದೆಯೇ?

ಮಾನ್ವಿ ಮಿರ್ಚಿ

ನಿಮ್ಮ ಗೆಳೆಯನಿಗೆ ಮುಂದಿನ ಚುನಾವಣೆಯಲ್ಲಿ ಒಂದು ಮತವೂ ಬೀಳುವುದಿಲ್ಲ.

ಕೊಪ್ಪಳದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ರಾಜ್ಯದಲ್ಲಿರುವ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಒಂದೂ ಇಲ್ಲ. ಕಾಡೆಂದರೆ ಮಲೆನಾಡಿನ ಕಾಡು ಎಂದು ಬೆಂಗಳೂರಿನಲ್ಲಿ ಕುಳಿತವರು ನಂಬಿದ್ದಾರೆ. ನಮ್ಮ ಕಡೆ ಬಂದರೆ ‘ಇಲ್ಲಿ ಏನಿದೆ ಸರ್, ಬರೀ ಬಯಲು’ ಎನ್ನುತ್ತಾರೆ.

ನನ್ನ ಸಲಹೆ ಇಷ್ಟೇ. ವನಮಹೋತ್ಸವದ ಹೊತ್ತಿಗೆ ಶಾಲೆಯ ಮಕ್ಕಳಿಂದ ಆ ಗಾಯರಾಣದಲ್ಲಿ ಬೇವು, ಹೊಂಗೆ, ಆಲದ ಸಸಿ ನೆಡಿಸಿ. ನಾಲ್ಕು ವರ್ಷದಲ್ಲಿ ಹಸಿರಾದರೆ ಯಾವ ಕಂಪನಿಯೂ ಒಳಗೆ ಕಾಲಿಡುವುದಿಲ್ಲ.

ತುಂಗಭದ್ರೆ, ಹೊಸಪೇಟೆ

ಮೇಷ್ಟ್ರೇ, ದಯವಿಟ್ಟು ಆ ಕೆಲಸ ಮಾಡಬೇಡಿ! ಕಂಪನಿ ಮಾಡುವ ಹಾನಿಯನ್ನು ನಾವೇ ಪುಣ್ಯದ ಹೆಸರಿನಲ್ಲಿ ಮಾಡಿದಂತಾಗುತ್ತದೆ.

ಸೆಳೆವಕ್ಕೆ ಬೇಕಾದದ್ದು ಬಯಲು. ಅದು ಬೇಟೆಯಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಹುಲ್ಲಿನ ತುದಿಗೆ ಎದೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಮೇಲಕ್ಕೆ ಓರೆಯಾಗಿ ಹಿಡಿದು, ತಲೆ ತಗ್ಗಿಸಿ ತೇಲುತ್ತದೆ. ಅದರ ಮುಖ ಗೂಬೆಯ ಮುಖದಂತೆ ದುಂಡಗಿದ್ದು, ಹುಲ್ಲಿನೊಳಗೆ ಇಲಿ ಸರಿದಾಡುವ ಸದ್ದನ್ನು ಕಿವಿಗೆ ತಂದುಕೊಡುತ್ತದೆ. ಸದ್ದು ಕೇಳಿದ ಕಡೆ ಗಕ್ಕನೆ ತಿರುಗಿ ಕಾಲು ಚಾಚಿ ಬೀಳುತ್ತದೆ. ಅಲ್ಲಿ ಹೊಂಗೆಯ ತೋಪು ಎಬ್ಬಿಸಿದರೆ ಅದು ಹಾರುವುದಾದರೂ ಎಲ್ಲಿ?

ಉದಾಹರಣೆ ದೂರದ್ದಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದರು, 119 ಚದರ ಕಿಲೋಮೀಟರ್. ಎರೆಭೂತ, ಅಂದರೆ ಬಯಲಿನ ದೊಡ್ಡ ಹಕ್ಕಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿ ಇತ್ತು. ಅದೇ ನೆಲದಲ್ಲಿ ನೀಲಗಿರಿ ತೋಪು ಬೆಳೆಸಿದರು. ಈಗ ಎರೆಭೂತವನ್ನು ಚಿತ್ರದಲ್ಲಿ ನೋಡಬೇಕು.

ಗುಜರಾತಿನ ಭಾವನಗರದ ಹತ್ತಿರ ವೇಳಾವದರ್ ಎಂಬ ರಾಷ್ಟ್ರೀಯ ಉದ್ಯಾನವಿದೆ, 1976ರಿಂದ. ವಿಸ್ತೀರ್ಣ ಸುಮಾರು 34 ಚದರ ಕಿಲೋಮೀಟರ್ ಅಷ್ಟೇ, ಬಹುಪಾಲು ಹುಲ್ಲು. ಜಗತ್ತಿನಲ್ಲೇ ಸೆಳೆವಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ರಾತ್ರಿ ತಂಗುವ ತಾಣಗಳಲ್ಲಿ ಅದೂ ಒಂದು. ಅಲ್ಲಿ ಸಸಿ ನೆಡುವುದಿಲ್ಲ, ಜಾಲಿ ಕೀಳುತ್ತಾರೆ.

ಸಂಡೂರು ಕೆಂಪುಧೂಳು

ಕೀಳುವುದು ಯಾವ ಜಾಲಿ, ನಮ್ಮ ಬಳ್ಳಾರಿ ಜಾಲಿಯೇ? ಹಾಗಾದರೆ ಆ ಗುಜರಾತಿನವರನ್ನು ಇಲ್ಲಿಗೂ ಕಳುಹಿಸಿ, ಊಟ ನಮ್ಮದು.

ಕೊಪ್ಪಳದ ಮೇಷ್ಟ್ರು

ಅಮ್ಮಾ, ನೀವು ಹೇಳುವುದು ಸೆಳೆವಕ್ಕೆ ಸರಿ. ಆದರೆ ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಿಲ್ಲದೆ ದನ ಬಿದ್ದು ಸಾಯುತ್ತವೆ. ಹಕ್ಕಿ ನಾಲ್ಕು ತಿಂಗಳ ಅತಿಥಿ, ದನ ವರ್ಷವಿಡೀ ಮನೆಯದು. ಹಳ್ಳದ ದಂಡೆಗಾದರೂ ಮರ ಬೇಡವೇ? ರಾಮದಾಸ ಹದ್ದು ಗೂಡು ಕಟ್ಟುವುದು ಮರದ ಮೇಲೆಯೇ ಅಲ್ಲವೇ? ಅದೂ ಬೇಟೆ ಹಕ್ಕಿಯೇ.

ತುಂಗಭದ್ರೆ, ಹೊಸಪೇಟೆ

ಹಳ್ಳದ ದಂಡೆ ಆಗಬಹುದು. ನಡು ಬಯಲು ಬೇಡ. ಇಷ್ಟಕ್ಕೆ ಒಪ್ಪಂದ ಮಾಡಿಕೊಳ್ಳೋಣವೇ?

ಕೊಪ್ಪಳದ ಮೇಷ್ಟ್ರು

ದಂಡೆಯ ಎರಡೂ ಬದಿಗೆ.

ಕ್ಯಾಮೆರಾ ಕಣ್ಣು

ಅದ್ಭುತ ಮಾಹಿತಿ. ಎರೆಹೊಲ ಅವರೇ, ಜಾಗದ ನಕ್ಷೆಯ ಕೊಂಡಿಯನ್ನು ಖಾಸಗಿಯಾಗಿ ಕಳುಹಿಸಿ. ನಾವು ಐದಾರು ಜನ ಬೆಂಗಳೂರಿನಿಂದ ಹೊರಟಿದ್ದೇವೆ, ಎರಡು ಕಾರು. ಹಕ್ಕಿಗಳು ಹುಲ್ಲಿನೊಳಗೆ ಕುಳಿತಾಗ ಎಬ್ಬಿಸಿದರೆ ಒಟ್ಟಿಗೆ ಹಾರುವ ಚಿತ್ರ ಸಿಗುತ್ತದೆ.

ಎರೆಹೊಲ, ಕುಕನೂರು ತಾಲ್ಲೂಕು

ಊರಿನ ಹೆಸರು ಬರೆಯದ ಕಾರಣ ಎಲ್ಲರಿಗೂ ಈಗ ತಿಳಿದಿರಬೇಕು.

ಕುರಿಹಟ್ಟಿ, ಕುಷ್ಟಗಿ

ರಾತ್ರಿ ಮಲಗಿದವರನ್ನು ಎಬ್ಬಿಸಿ ಚಿತ್ರ ತೆಗೆಯುವುದಾದರೆ ಮೊದಲು ನಿಮ್ಮ ಮನೆಯಿಂದ ಶುರು ಮಾಡಿ ಸರ್.

ತುಂಗಭದ್ರೆ, ಹೊಸಪೇಟೆ

ಕ್ಯಾಮೆರಾ ಕಣ್ಣು ಅವರೇ, ಆ ಹಕ್ಕಿಗಳು ಕಜಾಕಸ್ತಾನ, ರಷ್ಯಾಗಳ ಹುಲ್ಲುಗಾವಲಿನಿಂದ ಇಲ್ಲಿಯವರೆಗೆ ಹಾರಿ ಬಂದಿವೆ. ಸಂಜೆ ಒಮ್ಮೆ ಎಬ್ಬಿಸಿದರೆ ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕು. ನರಿ, ತೋಳ, ಬೀದಿನಾಯಿ ಎಲ್ಲವೂ ಓಡಾಡುವ ಹೊತ್ತು ಅದು. ಹಂಪಿಯ ಬಂಡೆಗಳ ನಡುವೆ ಕೊಂಬಿನ ಗೂಬೆಯ ಗೂಡಿನ ಮುಂದೆ ಬಿಳಿ ಇಲಿ ಕಟ್ಟಿ ಚಿತ್ರ ತೆಗೆಯುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಬೇಟೆ ಹಕ್ಕಿಗಳ ಗೂಡಿನ ತಂಟೆಗೆ ಹೋಗುವುದು, ಮೊಟ್ಟೆ ಮುಟ್ಟುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಒಳ್ಳೆಯ ಚಿತ್ರ ಬೇಕಿದ್ದರೆ ಹಗಲು ಹೊಲದ ಬದುವಿನಲ್ಲಿ ಕುಳಿತು ಕಾಯಿರಿ, ತಾನೇ ತಲೆಯ ಮೇಲೆ ಹಾದುಹೋಗುತ್ತದೆ.

ಕ್ಯಾಮೆರಾ ಕಣ್ಣು

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಮೇಡಂ. ನಮ್ಮ ಚಿತ್ರಗಳಿಂದಲೇ ಜನರಿಗೆ ಈ ಹಕ್ಕಿಗಳು ಇವೆಯೆಂದು ತಿಳಿದದ್ದು.

ನಿರ್ವಾಹಕ

ತಂಗುದಾಣ ಅಥವಾ ಗೂಡಿನ ನಿಖರ ಸ್ಥಳವನ್ನು ಇಲ್ಲಿ ಯಾರೂ ಹಾಕಬಾರದು, ಕೇಳಲೂಬಾರದು. ಎರಡು ಪ್ರತಿಕ್ರಿಯೆಗಳನ್ನು ಅಳಿಸಿದ್ದೇನೆ.

ಗಂಗಾವತಿ ವಕೀಲ

ಮೂಲ ಪ್ರಶ್ನೆಗೆ ಬರುತ್ತೇನೆ.

ಹಿರಿಯರು ಸಿಟ್ಟಾದದ್ದರಲ್ಲಿ ನ್ಯಾಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನ 7ನೇ ಉಪಕಲಮಿನ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವಂತಿಲ್ಲ. ವಾಹನವಾಗಿ ಬಳಸುವ ಪ್ರಾಣಿಯನ್ನು ಬಿಟ್ಟರೆ ಬೇರೆ ಸಾಕುಪ್ರಾಣಿ ಒಳಗೆ ಬರುವಂತೆಯೂ ಇಲ್ಲ. ಅಭಯಾರಣ್ಯದಲ್ಲಿ ಇಷ್ಟು ಬಿಗಿಯಿಲ್ಲ, ಅಲ್ಲಿ ಮೇವನ್ನು ನಿಯಂತ್ರಿಸಬಹುದು. ಹೀಗಾಗಿ ಊರಿನ ಗಾಯರಾಣಕ್ಕೆ ರಾಷ್ಟ್ರೀಯ ಉದ್ಯಾನದ ಮಾತು ಎತ್ತಿದರೆ ಕೆಲಸ ಕೆಡುತ್ತದೆ.

ಇದಕ್ಕೆಂದೇ ಇನ್ನೊಂದು ದಾರಿ ಇದೆ. ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ 36ಎ ಮತ್ತು 36ಸಿ ಕಲಮುಗಳು ಬಂದವು. ಸರ್ಕಾರದ ಜಮೀನಾದರೆ ಸ್ಥಳೀಯರೊಂದಿಗೆ ಸಮಾಲೋಚಿಸಿ ‘ಸಂರಕ್ಷಣಾ ಮೀಸಲು’ ಎಂದು ಘೋಷಿಸಬಹುದು. ಸಮುದಾಯದ ಅಥವಾ ಖಾಸಗಿ ಜಮೀನಾಗಿದ್ದು, ಒಡೆಯರು ತಾವಾಗಿಯೇ ಮುಂದೆ ಬಂದರೆ ‘ಸಮುದಾಯ ಮೀಸಲು’. ಸಂರಕ್ಷಣಾ ಮೀಸಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ವಿಷ ಇಡುವಂತಿಲ್ಲ, ಬೇಟೆಯಂತೂ ಇಲ್ಲವೇ ಇಲ್ಲ. ಉದ್ಯಾನದಲ್ಲಿರುವಂತೆ ಮೇವಿನ ಮೇಲೆ ಸಾರಾಸಗಟು ನಿಷೇಧವೂ ಇಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು, ಕೃಷಿ ಇಲಾಖೆಯವರು, ಪಶುಸಂಗೋಪನೆಯವರೂ ಇರಬೇಕು.

ಹತ್ತಿರದ ಉದಾಹರಣೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಕೆರೆಯ ಸುತ್ತ ರೈತರು ಇಂದಿಗೂ ಗದ್ದೆ ಮಾಡುತ್ತಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರಾ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಮಾಡಿದ್ದೂ ಇದೇ ಕಲಮಿನಡಿ.

ಕುರಿಹಟ್ಟಿ, ಕುಷ್ಟಗಿ

ವಕೀಲರೇ, ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನಾಳೆ ಗಾರ್ಡು ಬಂದು ಕೋಲು ಅಡ್ಡ ಹಿಡಿದರೆ 36ಎ ಎಂದು ಕುರಿ ಹೇಳುತ್ತದೆಯೇ?

ನಾನು ಕುರುಬರ ಮನೆಯವನು, ಈಗ ಅಂಗಡಿ ಇಟ್ಟಿದ್ದೇನೆ, ತಂದೆ ಇನ್ನೂ ಕುರಿ ಮೇಯಿಸುತ್ತಾರೆ. ಒಂದು ವಿಷಯ ಹೇಳುತ್ತೇನೆ, ಪುಸ್ತಕದಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಕುರಿ ಹಿಂಡು ಹುಲ್ಲಿನಲ್ಲಿ ನಡೆದಾಗ ಮಿಡತೆಗಳು ಎದ್ದು ಹಾರುತ್ತವೆ. ಹಿಂಡಿನ ಹಿಂದೆಯೇ ಹಕ್ಕಿಗಳು ಬರುತ್ತವೆ, ನಮ್ಮ ತಂದೆಯ ಕಂಬಳಿಗೆ ರೆಕ್ಕೆಯ ಗಾಳಿ ತಾಗುವಷ್ಟು ಹತ್ತಿರ. ಕುರಿಯನ್ನು ಪೂರ್ತಿ ನಿಲ್ಲಿಸಿದರೆ ಹುಲ್ಲು ಮೊಳಕಾಲು ದಾಟಿ ಒಣಗಿ ನಿಲ್ಲುತ್ತದೆ, ಒಂದು ಬೀಡಿಯ ಕಿಡಿ ಬಿದ್ದರೆ ಗುಡ್ಡವೇ ಹೋಗುತ್ತದೆ. ಮಿತಿ ಮೀರಿ ಮೇಯಿಸಿದರೆ ಬೋಳಾಗುತ್ತದೆ, ಅದೂ ನಿಜ. ಹಿಂದೆ ನಮ್ಮ ಹಿರಿಯರು ಒಂದು ಭಾಗ ಬಿಟ್ಟು ಒಂದು ಭಾಗ ಮೇಯಿಸುತ್ತಿದ್ದರು. ಅರ್ಧ ಗಾಯರಾಣ ಒತ್ತುವರಿಯಾದ ಮೇಲೆ ಉಳಿದ ಅರ್ಧಕ್ಕೆ ಎಲ್ಲರ ಕುರಿಯೂ ಬಂದು ಬೀಳುತ್ತದೆ. ಬೋಳಾದದ್ದಕ್ಕೆ ಬೈಗುಳ ಮಾತ್ರ ಕುರುಬರಿಗೆ.

ಗಂಗಾವತಿ ತಾಲ್ಲೂಕಿನ ಬಂಕಾಪುರವನ್ನು ತೋಳಧಾಮ ಮಾಡಿದ್ದಾರೆ, ಸುಮಾರು 332 ಹೆಕ್ಟೇರ್. ಸಂತೋಷ. ತೋಳಕ್ಕೆ ಆ ಬೇಲಿ ಯಾವುದೆಂದು ಗೊತ್ತೇ? ಹೊರಗೆ ಬಂದು ಮರಿ ಎತ್ತಿಕೊಂಡು ಹೋದರೆ ಪರಿಹಾರಕ್ಕೆ ಅರ್ಜಿ, ಚಿತ್ರ, ವೈದ್ಯರ ಪ್ರಮಾಣಪತ್ರ, ಮತ್ತೆ ಅರ್ಜಿ. ಈ ಅಲೆದಾಟದಲ್ಲಿ ಬೇಸತ್ತವನು ಸತ್ತ ಮರಿಗೆ ವಿಷ ಸವರುತ್ತಾನೆ. ತೋಳ ಒಂದು ಸಾಯುತ್ತದೆ, ಅದರ ಮೇಲೆ ಇಳಿದ ಹದ್ದು, ಕಾಗೆ, ನಾಯಿ ಎಲ್ಲ ಸಾಯುತ್ತವೆ.

ತುಂಗಭದ್ರೆ, ಹೊಸಪೇಟೆ

ಕುರಿಹಟ್ಟಿ ಅಣ್ಣ, ನಿಮ್ಮ ತಂದೆಯವರು ಕಂಡದ್ದನ್ನು ದಯವಿಟ್ಟು ಇನ್ನಷ್ಟು ಬರೆಯಿರಿ. ಮಿಡತೆಯ ಮಾತು ನೂರಕ್ಕೆ ನೂರು ಸತ್ಯ.

ದನದ ಡಾಕ್ಟರು, ರಾಯಚೂರು

ವಿಷದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಇಟ್ಟ ವಿಷ ಇನ್ನೂ ದೊಡ್ಡದು.

ನಮ್ಮ ಕಡೆ ಮೊದಲು ಊರ ಹೊರಗೆ ಎಸೆದ ಹೆಣದ ಮೇಲೆ ರಣಹದ್ದುಗಳು ಇಳಿಯುತ್ತಿದ್ದುದನ್ನು ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅವು ಹೋದದ್ದು ಡೈಕ್ಲೋಫೆನಾಕ್‌ನಿಂದ. ನೋವಿಗೆಂದು ಕೊಟ್ಟ ಚುಚ್ಚುಮದ್ದು ಸತ್ತ ದನದ ಮಾಂಸದಲ್ಲಿ ಉಳಿದಿರುತ್ತದೆ. ತಿಂದ ಹದ್ದಿನ ಮೂತ್ರಪಿಂಡ ಕೈಕೊಟ್ಟು, ಯೂರಿಕ್ ಆಮ್ಲ ಸುಣ್ಣದಂತೆ ಒಳಗಿನ ಅಂಗಾಂಗಗಳಿಗೆಲ್ಲ ಮೆತ್ತಿಕೊಂಡು, ಕತ್ತು ಬಾಗಿಸಿ ಕುಳಿತಲ್ಲೇ ಸಾಯುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ, ನಷ್ಟವನ್ನು ತುಂಬಿಕೊಳ್ಳುವುದು ಎಲ್ಲಿಂದ?

2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಜನರಿಗೆಂದು ತಯಾರಿಸಿದ ದೊಡ್ಡ ಸೀಸೆಗಳನ್ನು ತಂದು ದನಕ್ಕೆ ಚುಚ್ಚತೊಡಗಿದರು, ಅದಕ್ಕೆ 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ಮೆಲಾಕ್ಸಿಕ್ಯಾಮ್ ಎಂಬ ಔಷಧಿ ಇದೆ, ಹದ್ದಿಗೆ ಅಪಾಯವಿಲ್ಲ, ದನಕ್ಕೂ ಚೆನ್ನಾಗಿ ಹಿಡಿಯುತ್ತದೆ. ರೈತ ಬಂಧುಗಳು ಅಂಗಡಿಗೆ ಹೋದಾಗ ಹೆಸರು ಹೇಳಿ ಅದನ್ನೇ ಕೇಳಿ. ‘ಡಾಕ್ಟರೇ, ಬೇಗ ಏಳುವ ಸೂಜಿ ಹಾಕಿ’ ಎಂದು ಒತ್ತಾಯಿಸುವವರು ಈಗಲೂ ಇದ್ದಾರೆ.

ಈಗ ರಣಹದ್ದು ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು, 2012ರಲ್ಲಿ ಅದನ್ನು ರಣಹದ್ದು ಧಾಮ ಮಾಡಿದರು. ಇಲ್ಲವೇ ಬಂಡೀಪುರ, ನಾಗರಹೊಳೆ. ಹುಲಿ ಹೊಡೆದ ಜಿಂಕೆಗೆ ಯಾರೂ ಸೂಜಿ ಚುಚ್ಚಿರುವುದಿಲ್ಲ, ಅದಕ್ಕೇ ಆ ಕಾಡುಗಳಲ್ಲಿ ಅವು ಉಳಿದಿವೆ.

ಸಿಂಧನೂರು ಭತ್ತ

ಎಲ್ಲರೂ ಹಕ್ಕಿಯ ಪರ ಇದ್ದೀರಿ, ಇಲಿಯ ಲೆಕ್ಕ ಯಾರು ಕೊಡುತ್ತೀರಿ? ತೆನೆ ಬರುವ ಹೊತ್ತಿಗೆ ಬದುವಿನ ಇಲಿಗಳು ಒಂದು ರಾತ್ರಿಯಲ್ಲಿ ಮಾಡುವ ನಾಶ ನೋಡಿದರೆ ಅಳು ಬರುತ್ತದೆ. ನಾವು ಪಾಷಾಣ ಇಡದೆ ಇರಲು ಸಾಧ್ಯವೇ?

ದನದ ಡಾಕ್ಟರು, ರಾಯಚೂರು

ಇಡಬೇಡಿ ಎನ್ನಲಾರೆ. ಬ್ರೊಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತ ಹೊರಗೆ ಓಡಾಡುತ್ತದೆ. ಗೂಬೆ, ಸೆಳೆವ ಮೊದಲು ಹಿಡಿಯುವುದು ಅದನ್ನೇ. ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ. ಬೆಳಿಗ್ಗೆ ಸತ್ತ ಇಲಿಗಳನ್ನು ಆರಿಸಿ ಹೂಳಿ. ಗದ್ದೆಯಲ್ಲಿ ಅಲ್ಲಲ್ಲಿ ‘ಟಿ’ ಆಕಾರದ ಕೋಲು ನಿಲ್ಲಿಸಿದರೆ ರಾತ್ರಿ ಕಣಜಗೂಬೆ ಬಂದು ಕೂರುತ್ತದೆ, ಕೂಲಿ ಕೇಳುವುದಿಲ್ಲ.

ಸಿಂಧನೂರು ಭತ್ತ

ಗೂಬೆಯನ್ನು ಗದ್ದೆಗೆ ನಾನೇ ಕರೆದರೆ ನಮ್ಮ ಅತ್ತೆ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಡಾಕ್ಟರೇ. ಕೋಲು ಬೇಕಾದರೆ ಹಾಕುತ್ತೇನೆ. ಯಾವ ಹಕ್ಕಿಗೆಂದು ಹೇಳುವುದಿಲ್ಲ.

ಮಾನ್ವಿ ಮಿರ್ಚಿ

ಅತ್ತೆಯ ಭಯದಿಂದ ರಾಜ್ಯದಲ್ಲಿ ಎಷ್ಟು ಗೂಬೆಗಳು ನಿರಾಶ್ರಿತವಾಗಿವೆಯೋ.

ವಿಷಯಾಂತರಕ್ಕೆ ಕ್ಷಮೆ ಇರಲಿ, ಕುಕನೂರಿಗೆ ಹೋದರೆ ಮಹಾಮಾಯಿ ಗುಡಿಯ ಕಡೆ ಮಂಡಕ್ಕಿ ಮಿರ್ಚಿ ಒಳ್ಳೆಯದು ಎಲ್ಲಿ ಸಿಗುತ್ತದೆ?

ಕೊಪ್ಪಳದ ಮೇಷ್ಟ್ರು

ಹೋದದ್ದೇ ಆದರೆ ಇಟಗಿಯ ಮಹಾದೇವ ದೇವಾಲಯ ನೋಡದೆ ಬರಬೇಡಿ. 1112ರಲ್ಲಿ ಕಟ್ಟಿದ್ದು, ‘ದೇವಾಲಯಗಳ ಚಕ್ರವರ್ತಿ’ ಎಂದು ಅಲ್ಲಿಯ ಶಾಸನವೇ ಹೊಗಳುತ್ತದೆ. ಮಿರ್ಚಿ ಬಸ್ ನಿಲ್ದಾಣದ ಹತ್ತಿರ.

ಗಾಳಿಯಂತ್ರ, ಯಲಬುರ್ಗಾ

ನಾನು ಗಾಳಿ ವಿದ್ಯುತ್ ಘಟಕದಲ್ಲಿ ನಿರ್ವಹಣೆಯ ಕೆಲಸ ಮಾಡುತ್ತೇನೆ. ಬೈಯುವವರು ಬೈಯಿರಿ, ಮೊದಲು ನಾಲ್ಕು ಮಾತು ಕೇಳಿ.

ನಿಮ್ಮ ಮನೆಯ ದೀಪ ಎಲ್ಲಿಂದಲಾದರೂ ಬರಬೇಕು. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ, ಅದರ ಬೂದಿಯ ಪಕ್ಕದಲ್ಲಿ ಬದುಕುವವರನ್ನು ಕೇಳಿ ನೋಡಿ. ಗಾಳಿಯಂತ್ರದಲ್ಲಿ ಬೂದಿಯಿಲ್ಲ, ಹೊಗೆಯಿಲ್ಲ. ಜಮೀನು ಕೊಟ್ಟ ರೈತನಿಗೆ ಒಣಬೇಸಾಯಕ್ಕಿಂತ ಹೆಚ್ಚು ಹಣ ಬರುತ್ತದೆ. ನನ್ನಂಥ ಐಟಿಐ ಓದಿದವನಿಗೆ ಊರಲ್ಲೇ ಸಂಬಳ ಸಿಗುತ್ತದೆ. ಇಲ್ಲದಿದ್ದರೆ ನಾನೂ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ನಿಲ್ಲಬೇಕಿತ್ತು.

ಹಕ್ಕಿಗಳು ಬಡಿದು ಸಾಯುತ್ತವೆಯೇ ಎಂದರೆ, ಸಾಯುತ್ತವೆ. ಕೆಳಗಿನಿಂದ ನೋಡಿದರೆ ರೆಕ್ಕೆ ಮೆಲ್ಲಗೆ ತಿರುಗಿದಂತೆ ಕಾಣುತ್ತದೆ, ಆದರೆ ತುದಿಯ ವೇಗ ಗಂಟೆಗೆ 250 ಕಿಲೋಮೀಟರ್ ಇರುತ್ತದೆ. ಗಾಳಿಯ ಏರಿನ ಮೇಲೆ ತೇಲುತ್ತ ಕೆಳಗೆ ಇಲಿ ಹುಡುಕುವ ಹದ್ದು ಎದುರಿಗೆ ನೋಡುವುದಿಲ್ಲ. ಕಂಬದ ಬುಡದಲ್ಲಿ ಕರಿಹದ್ದು ಬಿದ್ದಿದ್ದನ್ನು ನೋಡಿದ್ದೇನೆ, ಭುಜದಿಂದಲೇ ಒಂದು ರೆಕ್ಕೆ ಇರಲಿಲ್ಲ. ಸಂಜೆಯೊಳಗೆ ನಾಯಿಗಳು ಎತ್ತಿಕೊಂಡು ಹೋದವು. ಬೆಳಿಗ್ಗೆ ಬಂದು ಎಣಿಸುವವರಿಗೆ ಏನೂ ಸಿಗುವುದಿಲ್ಲ, ವರದಿಯಲ್ಲಿ ಸೊನ್ನೆ ಬೀಳುತ್ತದೆ.

ತುಂಗಭದ್ರೆ, ಹೊಸಪೇಟೆ

ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ತಮ್ಮಾ.

ಬಡಿದು ಸಾಯುವುದು ಕಣ್ಣಿಗೆ ಕಾಣುವ ಭಾಗ ಮಾತ್ರ. ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಳಿಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಕಂಡವು. ಹಿಡಿಯುವವರು ಕಡಿಮೆಯಾದದ್ದರಿಂದ ಓತಿಕ್ಯಾತಗಳು ಹೆಚ್ಚಾದವು. ಒಂದು ಬೇಟೆಗಾರ ಪ್ರಾಣಿಯನ್ನೇ ಅಲ್ಲಿಂದ ಎತ್ತಿಹಾಕಿದ ಪರಿಣಾಮ ಅದು.

ಪರಿಹಾರಗಳೂ ಇವೆ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ನೋಡಿದರು, ಹಕ್ಕಿಗಳ ಸಾವು ಶೇಕಡ 70ರಷ್ಟು ತಗ್ಗಿತು. ಒಂದು ಡಬ್ಬಿ ಬಣ್ಣಕ್ಕೂ ನಿಮ್ಮ ಮೇಲಿನವರು ಹಿಂದೆಮುಂದೆ ನೋಡುತ್ತಾರೆಯೇ?

ಗಾಳಿಯಂತ್ರ, ಯಲಬುರ್ಗಾ

ಅಕ್ಕಾ, ಡಬ್ಬಿ ಅಗ್ಗ. ಕಂಬಕ್ಕೆ ಎತ್ತಿದ ಮೇಲೆ ಆ ಎತ್ತರದಲ್ಲಿ ಬಳಿಯುವುದು ಅಗ್ಗವಲ್ಲ. ನೆಲದ ಮೇಲಿರುವಾಗಲೇ ಬಳಿಯಬೇಕು, ಅಂದರೆ ಅನುಮತಿ ಕೊಡುವಾಗಲೇ ಷರತ್ತು ಹಾಕಬೇಕು. ಷರತ್ತು ಇಲ್ಲದಿದ್ದರೆ ಯಾವ ಮ್ಯಾನೇಜರೂ ಸ್ವಂತ ಇಚ್ಛೆಯಿಂದ ಮಾಡುವುದಿಲ್ಲ.

ಗಂಗಾವತಿ ವಕೀಲ

ಷರತ್ತು ಹಾಕುವವರು ಯಾರು ಎಂಬುದೇ ಇಲ್ಲಿಯ ಗಂಟು. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಗಾಳಿ ವಿದ್ಯುತ್ ಬರುವುದಿಲ್ಲ, ಸೌರ ಫಲಕವೂ ಬರುವುದಿಲ್ಲ. ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಯರಾಣವಾದರೆ ಕಂದಾಯ ಇಲಾಖೆಯಲ್ಲೇ ಮುಗಿದುಹೋಗುತ್ತದೆ. ಕೇಂದ್ರದ ಬಂಜರು ಭೂಮಿ ಭೂಪಟದಲ್ಲಿ ಇಂಥ ಕುರುಚಲು ಬಯಲುಗಳೆಲ್ಲ ಬಂಜರಿನ ಲೆಕ್ಕಕ್ಕೆ ಸೇರಿವೆ. ಯೋಜನೆ ತಯಾರಿಸುವವರು ನಕ್ಷೆ ತೆರೆದಾಗ ಮೊದಲು ಕಣ್ಣಿಗೆ ಬೀಳುವುದೇ ಅವು.

ಆದರೂ ಗಾಯರಾಣ ಅನಾಥವಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಮೀನು ಕಾಯ್ದಿರಿಸಬೇಕು. ಊರಿನ ಜಾನುವಾರು ಗಣತಿಯ ಸಂಖ್ಯೆಯನ್ನು ಪಶು ಆಸ್ಪತ್ರೆಯಿಂದ ತನ್ನಿ. ಗಾಯರಾಣ ಆ ಲೆಕ್ಕಕ್ಕಿಂತ ಕಡಿಮೆಯಿದ್ದರೆ ಅದೇ ನಿಮ್ಮ ಮೊದಲ ಆಯುಧ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರಿನ ಸಾಮೂಹಿಕ ಜಮೀನುಗಳ ಒತ್ತುವರಿ ತೆರವುಗೊಳಿಸುವಂತೆ ಎಲ್ಲ ರಾಜ್ಯಗಳಿಗೂ ಹೇಳಿದೆ, ಅದರ ಪ್ರತಿಯನ್ನೂ ಲಗತ್ತಿಸಿ.

ಸಂಡೂರು ಕೆಂಪುಧೂಳು

ಕಾಯ್ದೆ, ನಿಯಮ ಎಲ್ಲ ಓದಿ ಓದಿ ನಮ್ಮ ಸಂಡೂರು ಗುಡ್ಡ ಅರ್ಧ ಕರಗಿತು ಸ್ವಾಮಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಗುಡ್ಡಕ್ಕೆ ಸ್ವಲ್ಪ ಉಸಿರು ಬಂದಿತ್ತು. ಆಗ ಸಂಜೆ ಮನೆಯ ಮಾಳಿಗೆಯಲ್ಲಿ ನಿಂತರೆ ಕೊಂಬಿನ ಗೂಬೆಯ ‘ಬೂ ಬೋ’ ಕೇಳುತ್ತಿತ್ತು. ಈಗ ಲಾರಿಯ ಹಾರ್ನ್ ಕೇಳುತ್ತದೆ. ಅದು ಬಂಡೆಯ ಚಾಚಿನ ಮೇಲೆ ಬರಿಯ ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿ. ಪಕ್ಕದಲ್ಲಿ ಸಿಡಿಮದ್ದು ಹಾರಿಸಿದರೆ ಗೂಡು ಬಿಟ್ಟು ಎದ್ದು ಹೋಗುತ್ತದೆ. ನಿಮ್ಮ ಗಾಯರಾಣದವರಿಗೆ ಕುರಿಯಾದರೂ ಸಾಕ್ಷಿ ಇದೆ. ನಮ್ಮ ಗುಡ್ಡಕ್ಕೆ ಯಾರಿದ್ದಾರೆ?

ತುಂಗಭದ್ರೆ, ಹೊಸಪೇಟೆ

ದರೋಜಿ ಕರಡಿಧಾಮ ಇದೆಯಲ್ಲ. 1994ರಲ್ಲಿ ಕರಡಿಗೆಂದು ಮಾಡಿದರು, ಈಗ ವಿಸ್ತೀರ್ಣ 82 ಚದರ ಕಿಲೋಮೀಟರ್ ದಾಟಿದೆ. ಕರಡಿಯ ನೆರಳಿನಲ್ಲಿ ಹಾವುಗಿಡುಗ, ಕೊಂಬಿನ ಗೂಬೆ, ಬಣ್ಣದ ಚಿಟ್ಟುಕೋಳಿ ಎಲ್ಲವೂ ಉಳಿದಿವೆ. ಪ್ರವಾಸಿಗರು ಕರಡಿಕಲ್ಲು ಗುಡ್ಡದ ಎದುರಿನ ಗೋಪುರ ಹತ್ತಿ, ಬಂಡೆಗೆ ಸವರಿದ ಬೆಲ್ಲ ನೆಕ್ಕುವ ಕರಡಿಯನ್ನು ನೋಡಿ ಹೊರಟುಬಿಡುತ್ತಾರೆ, ತಲೆಯ ಮೇಲೆ ಸುತ್ತುವುದನ್ನು ನೋಡುವುದಿಲ್ಲ. ಬಂಡೆಗಾಡಿಗೆ ಕರಡಿಯ ಹೆಸರು ಸಿಕ್ಕಿತು, ಕೆರೆಗೆ ಕೊಕ್ಕರೆಯ ಹೆಸರು, ನದಿಗೆ ನೀರುನಾಯಿಯ ಹೆಸರು. ಹುಲ್ಲಿಗೆ ಇನ್ನೂ ಯಾರ ಹೆಸರೂ ಸಿಕ್ಕಿಲ್ಲ. ಸಿರುಗುಪ್ಪದ ಎರೆಹೊಲಗಳಲ್ಲಿ ಎರೆಭೂತ ಕಾಣಿಸಿದಾಗಲೇ ಆಗಬೇಕಿದ್ದ ಕೆಲಸ ಅದು.

ಕುರಿಹಟ್ಟಿ, ಕುಷ್ಟಗಿ

ಕುರಿಯ ಹೆಸರಿನಲ್ಲೇ ಮಾಡಿಸಿ. ‘ಕುರಿ ಮತ್ತು ಸೆಳೆವ ಮೀಸಲು’. ಆಗ ನಮ್ಮವರು ತಾವೇ ಕಾಯುತ್ತಾರೆ.

ಮಾನ್ವಿ ಮಿರ್ಚಿ

ಕುರಿಗೆ ಕೊನೆಗೂ ವನ್ಯಜೀವಿ ಮಂಡಳಿಯಲ್ಲಿ ಸ್ಥಾನ ಸಿಕ್ಕಿತು.

ತುಂಗಭದ್ರೆ, ಹೊಸಪೇಟೆ

ನಗಬೇಡಿ, ಅವರು ಹೇಳಿದ್ದು ಸರಿಯಾಗಿಯೇ ಇದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಬಲೆ ಕಟ್ಟಿ ಅಮೂರ್ ಚಾಣ ಎಂಬ ವಲಸೆ ಬೇಟೆ ಹಕ್ಕಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಮಾರುತ್ತಿದ್ದರು. ಮರುವರ್ಷವೇ ಬಲೆಗಳು ಇಳಿದವು. ಅಲ್ಲಿ ಉದ್ಯಾನ ಮಾಡಲಿಲ್ಲ. ಊರಿನ ಮಂಡಳಿ ಮತ್ತು ಚರ್ಚ್ ಸೇರಿ ಬೇಡವೆಂದು ತೀರ್ಮಾನಿಸಿದವು, ಹಿಡಿಯುತ್ತಿದ್ದವರೇ ಕಾವಲಿಗೆ ನಿಂತರು.

ಗಾಳಿಯಂತ್ರ, ಯಲಬುರ್ಗಾ

ಎರೆಹೊಲ ಅವರೇ, ಆ ಕಲ್ಲುಗಳ ಮೇಲೆ ಏನು ಬರೆದಿದ್ದಾರೆ? ಗಾಳಿಯಂತ್ರಕ್ಕಾದರೆ ಮೊದಲು ಗಾಳಿ ಅಳೆಯುವ ತೆಳ್ಳನೆಯ ಎತ್ತರದ ಕಂಬ ನಿಲ್ಲಿಸುತ್ತಾರೆ. ಬರಿಯ ಕಲ್ಲು ನೆಟ್ಟು ಹೋಗುವುದು ಕಡಿಮೆ.

ಎರೆಹೊಲ, ಕುಕನೂರು ತಾಲ್ಲೂಕು

ಕಂಬ ಇಲ್ಲ. ಬಿಳಿ ಬಣ್ಣದ ಮೇಲೆ ಕೆಂಪಿನಲ್ಲಿ ಇಂಗ್ಲಿಷಿನ ‘ಎ.ಪಿ.’ ಎಂದು ಬರೆದು ಮುಂದೆ ಅಂಕಿ ಹಾಕಿದ್ದಾರೆ. ಗುಡ್ಡದ ತುದಿಯಲ್ಲಿ ಒಂದು, ಹಳ್ಳ ದಾಟಿ ಒಂದು. ಆಂಧ್ರ ಪ್ರದೇಶದವರು ಬಂದಿದ್ದಾರೆಂದು ಊರಲ್ಲಿ ಸುದ್ದಿ.

ಗಾಳಿಯಂತ್ರ, ಯಲಬುರ್ಗಾ

ಆಂಧ್ರವಲ್ಲ! ವಿದ್ಯುತ್ ಮಾರ್ಗ ತಿರುವು ತೆಗೆದುಕೊಳ್ಳುವ ಜಾಗಕ್ಕೆ ಹಾಗೆ ಬರೆಯುತ್ತಾರೆ. ನಿಮ್ಮ ಗಾಯರಾಣದ ಮೇಲೆ ಹೈಟೆನ್ಷನ್ ತಂತಿ ಹಾದುಹೋಗುತ್ತದೆ, ಗೋಪುರಗಳು ಅಲ್ಲಿ ಬರುತ್ತವೆ. ಜಮೀನು ಯಾರೂ ಕೊಳ್ಳುವುದಿಲ್ಲ, ಅದಕ್ಕೇ ಪಂಚಾಯಿತಿಗೆ ಕಾಗದ ಬಂದಿರಲಿಕ್ಕಿಲ್ಲ.

ತುಂಗಭದ್ರೆ, ಹೊಸಪೇಟೆ

ಅಯ್ಯೋ, ಕತ್ತಲಾಗುವ ಹೊತ್ತಿಗೆ ಕೆಳಗಿಳಿಯುವ ಹಕ್ಕಿಗೆ ಅಡ್ಡಲಾಗಿ ತಂತಿ. ರಾಜಸ್ಥಾನದಲ್ಲಿ ಎರೆಭೂತಗಳು ತಂತಿಗೆ ಬಡಿದು ಸತ್ತದ್ದಕ್ಕೇ 2021ರಲ್ಲಿ ಸುಪ್ರೀಂ ಕೋರ್ಟ್ ಅವುಗಳ ನೆಲೆಯಲ್ಲಿ ಮಾರ್ಗಗಳನ್ನು ಭೂಗತ ಮಾಡಿ ಎಂದದ್ದು.

ಗಂಗಾವತಿ ವಕೀಲ

2024ರಲ್ಲಿ ಅದೇ ಕೋರ್ಟ್ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿದೆ. ಅದೂ ಎರೆಭೂತದ ನೆಲೆಗೆ ಸಂಬಂಧಿಸಿದ್ದು, ಸೆಳೆವಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಭೂಗತದ ಬೇಡಿಕೆ ಬಿಡಿ, ಸಿಗುವುದಿಲ್ಲ. ಮಾರ್ಗವನ್ನು ಗಾಯರಾಣದ ಅಂಚಿಗೆ ಸರಿಸಲು ಕೇಳಿ, ಅದೂ ಆಗದಿದ್ದರೆ ತಂತಿಗೆ ಹಕ್ಕಿಗಳ ಕಣ್ಣಿಗೆ ಬೀಳುವ ಬಿಲ್ಲೆ ತೂಗುಹಾಕಲು ಕೇಳಿ. ಗೋಪುರಕ್ಕೆ ಅಡಿಪಾಯ ಬೀಳುವ ಮೊದಲು ಕೇಳಿದರೆ ಬೆಲೆ ಇದೆ. ಅರ್ಜಿ ಜಿಲ್ಲಾಧಿಕಾರಿಗೆ, ಪ್ರತಿ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ.

ಮೀಸಲಿನ ಪ್ರಸ್ತಾವ ಬೇರೆಯೇ ಕಡತ, ಎರಡನ್ನೂ ಬೆರೆಸಬೇಡಿ. ಗ್ರಾಮಸಭೆಯ ಠರಾವು, ಪಹಣಿ, ಜಾನುವಾರು ಸಂಖ್ಯೆ, ಹಕ್ಕಿಗಳ ದಿನಾಂಕವಾರು ಎಣಿಕೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲಾದರೂ ಇದ್ದೇ ಇರುತ್ತದೆ, ಅದರ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೆಳೆವದ ಹೆಸರು ಬರೆಸಿ.

ಎರೆಹೊಲ, ಕುಕನೂರು ತಾಲ್ಲೂಕು

ಎಣಿಕೆ ನಾನೂ ನನ್ನ ತಂಗಿಯೂ ಬರೆದಿಟ್ಟಿದ್ದೇವೆ. ಠರಾವಿನದ್ದೇ ಕಷ್ಟ. ಹಿರಿಯರ ಮುಂದೆ ನಾನು ಮತ್ತೆ ಬಾಯಿ ಬಿಟ್ಟರೆ ಉದ್ಯಾನದ ಹುಡುಗ ಬಂದ ಎನ್ನುತ್ತಾರೆ.

ಕುರಿಹಟ್ಟಿ, ಕುಷ್ಟಗಿ

ದಿನಾಂಕ ಹೇಳಿ, ನಮ್ಮ ತಂದೆಯನ್ನು ಕರೆದುಕೊಂಡು ಬರುತ್ತೇನೆ. ನಿಮ್ಮೂರಿನ ಕುರುಬರಲ್ಲಿ ಇಬ್ಬರು ಅವರಿಗೆ ಬೀಗರೇ ಆಗಬೇಕು. ವಕೀಲರು ಬರುವುದಾದರೆ ಕೋಟು ಹಾಕಿಕೊಂಡು ಬರಬೇಡಿ.

ಗಂಗಾವತಿ ವಕೀಲ

ಬರುತ್ತೇನೆ. ಬಿಳಿ ಅಂಗಿಗೆ ಅಡ್ಡಿಯಿಲ್ಲವಷ್ಟೇ?

ಗಾಳಿಯಂತ್ರ, ಯಲಬುರ್ಗಾ

ನಾನು ಸಭೆಗೆ ಬರಲಾರೆ, ಕೆಲಸ ಹೋಗುತ್ತದೆ. ಕಲ್ಲುಗಳ ಅಂಕಿಗಳನ್ನು ಕ್ರಮವಾಗಿ ಬರೆದು ನನಗೆ ಖಾಸಗಿಯಾಗಿ ಕಳುಹಿಸಿ, ಮಾರ್ಗ ಎಲ್ಲಿಂದ ಎಲ್ಲಿಗೆ ಎಂದು ಗುರುತಿಸಿ ಕೊಡುತ್ತೇನೆ.

ನಿರ್ವಾಹಕ

ಮಂಡಕ್ಕಿ ಮಿರ್ಚಿಯ ಕುರಿತು ಬಂದ ಹದಿನಾಲ್ಕು ಪ್ರತಿಕ್ರಿಯೆಗಳನ್ನು ‘ಊಟ ತಿಂಡಿ’ ವಿಭಾಗಕ್ಕೆ ಸರಿಸಲಾಗಿದೆ.